ಸೀಸನ್ ಮುಗಿದ ಊರಿಗೆ ಮಡ್ಲಕ್ಕಿ

ಸಮುದ್ರ ನೋಡಲು ಹೋಗುತ್ತಿದ್ದೇವೆ ಅಂತ ಗುರುಪುರದ ಅರ್ಧ ಊರಿಗೆ ನಾನು ಹೇಳಿಯಾಗಿತ್ತು. ಡೇರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರಿಗೆ ಹೇಳಿದೆ, ಟಿಬೆಟ್ ಕ್ಯಾಂಪಿನಲ್ಲಿ ನಾನು ಕೆಲಸಕ್ಕಿರುವ ಸ್ವೆಟರ್ ಅಂಗಡಿಯ ಓನರಮ್ಮನಿಗೆ ಹೇಳಿದೆ, ಹುಣಸೂರು ಬಸ್ ಸ್ಟ್ಯಾಂಡ್ ಎದುರು ಕೂಲಿಂಗ್ ಗ್ಲಾಸ್ ಕೊಂಡಾಗ ಅದನ್ನು ಮಾರಿದ ಹುಡುಗನಿಗೂ ಹೇಳಿದೆ. ಅವನೇನೂ ಕೇಳಿರಲಿಲ್ಲ. ನೀಲಿ ನೀರು, ಬಣ್ಣಬಣ್ಣದ ಛತ್ರಿಗಳು, ಮರಳಿನ ಮೇಲೆ ಒಂಟೆ, ಸಂಜೆಯಾದರೆ ಸಾಲು ಲೈಟು. ಇದೆಲ್ಲ ಅಕ್ಕ ಸಿಂಧು ವಿಡಿಯೋ ಕಾಲಿನಲ್ಲಿ ತೋರಿಸಿದ್ದು. ನಮ್ಮ ಮನೆಯಲ್ಲಿ ಸಮುದ್ರ ಕಂಡವಳು ಅವಳೊಬ್ಬಳೇ.

ಎರಡು ವರ್ಷದ ಹಿಂದೆ ಕಣ್ಣೂರಿನ ಕಡೆಯ ಶಿಬು ಎಂಬ ಹುಡುಗ ಅವನ ಮಾವನ ಜೊತೆ ನಮ್ಮೂರಿಗೆ ಶುಂಠಿ ಬೆಳೆಯಲು ಬಂದಿದ್ದ. ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವ ಮಲಯಾಳಿಗಳು ನಮ್ಮ ಕಡೆ ಹೊಸಬರೇನಲ್ಲ. ಅಕ್ಕ ಆ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಶುಂಠಿ ಕಿತ್ತು ಲೋಡಾಗಿ ಹೋದ ವಾರವೇ ಅಕ್ಕನೂ ಹೋದಳು. ಕಣ್ಣೂರಿನಲ್ಲಿ ರಿಜಿಸ್ಟರ್ ಮದುವೆಯಾಯಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮಪ್ಪ ನಿಂಗರಾಜು ಅವಳ ಹೆಸರು ಹಿಡಿದು ಕರೆದಿಲ್ಲ. ಕೂಗಾಡಲಿಲ್ಲ, ಹೊಡೆಯಲಿಲ್ಲ, ಹೆಸರು ಮಾತ್ರ ನಿಲ್ಲಿಸಿಬಿಟ್ಟರು. ಅವ್ವನೂ ನಾನೂ ಅವಳಿಗೆ ವಿಡಿಯೋ ಕಾಲ್ ಮಾಡುವಾಗ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹುಲ್ಲು ಹಾಕಿದ ಹಸುವಿಗೇ ಮತ್ತೆ ಹುಲ್ಲು.

ಈಗ ಅಕ್ಕನಿಗೆ ಏಳು ತಿಂಗಳು. ನಮ್ಮ ಕಡೆ ಏಳನೇ ತಿಂಗಳಲ್ಲಿ ತವರಿನವರು ಅಕ್ಕಿ, ಕಾಯಿ, ಬೆಲ್ಲ, ಅರಿಶಿನದ ಕೊಂಬು ತಗೊಂಡು ಹೋಗಿ ಬಸುರಿಯ ಸೆರಗಿಗೆ ಹಾಕಿ ಮಡಿಲು ತುಂಬುತ್ತಾರೆ. ಅದೇ ಮಡ್ಲಕ್ಕಿ. ಮಡಿಲು ತುಂಬಿದ ಮಗಳು ಅವತ್ತೇ ಅವರ ಹಿಂದೆ ಬಾಣಂತನಕ್ಕೆ ಹೊರಡಬೇಕು. ಎಂಟು ಬಿತ್ತೋ, ಊರು ದಾಟಿಸುವ ಹಾಗಿಲ್ಲ. ಬರುವ ಅಮಾವಾಸ್ಯೆಗೆ ಅಕ್ಕನಿಗೆ ಎಂಟು ಬೀಳುತ್ತಿತ್ತು.

"ಬರ್ಬ್ಯಾಡ ಕಣವ್ವ," ಅಂದಿದ್ದಳು ಅಕ್ಕ ಫೋನಿನಲ್ಲಿ. "ಸೀಸನ್ ಮುಗೀತು. ಇಲ್ಲೇನೂ ಇಲ್ಲ ಈಗ. ಸುಮ್ನೆ ಯಾಕೆ ತೊಂದ್ರೆ ತಗತೀಯ."

ಫೋನ್ ಇಟ್ಟ ಮೇಲೆ ನೋಡಿದರೆ ಅವ್ವನ ಮುಖ ಅರಳಿತ್ತು. "ನೋಡ್ದಾ ಮಿತ್ರಾ, ಎಂಗೆ ಒಪ್ಪವಾಗಿ ಮಾತಾಡುದ್ಲು! ಮಲೆಯಾಳದೋರ ಜೊತೆ ಓದ್ರೂ ನಮ್ ರೀತಿ ಮರ್ತಿಲ್ಲ ನನ್ ಮಗಳು."

"ಬರ್ಬ್ಯಾಡ ಅಂತಾವ್ಳೆ ಕಣವ್ವ ಅವ್ಳು."

"ಅಂಗೇ ಅನ್ಬೇಕು ಕಣಮ್ಮಿ. ಬಂದು ಮಡ್ಲು ತುಂಬ್ಸಿ ಅಂತ ಬಾಯ್ಬುಟ್ಟು ಕೇಳೋ ಮಗಳು ಎಲ್ಲಾದ್ರೂ ಉಂಟಾ? ಅವ್ಳು ನನ್ ಒಟ್ಟೇಲಿದ್ದಾಗ ನಾನು ನಮ್ಮವ್ವಂಗೆ ಮೂರು ಸಲ ಬ್ಯಾಡ ಅಂದಿದ್ದೆ. ಬ್ಯಾಡ ಅಂದಷ್ಟೂ ತವರಿಗೆ ಮರ್ವಾದೆ."

ಅದು ಸರಿಯೇ. ನಮ್ಮೂರಿನಲ್ಲಿ ಯಾವ ಬಸುರಿಯೂ ಬನ್ನಿ ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಹೊಗೆಸೊಪ್ಪಿನ ನಾಟಿ ಮುಗಿದಿತ್ತು. ಸೊಪ್ಪು ಮುರಿಯುವ ಕೆಲಸ ಶುರುವಾಗುವವರೆಗೆ ಕೈಗೆ ಸ್ವಲ್ಪ ಬಿಡುವು. ಹೊರಟೆವು.

ಹೊರಡುವ ದಿನ ಅಪ್ಪ ಹೋಗಿ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ನಾನು ಹಲ್ಲುಜ್ಜುತ್ತಿರುವಾಗ ಹಿತ್ತಲ ಮರದ ಒಂದು ದಪ್ಪ ಕಾಯಿಯನ್ನು ಜುಟ್ಟು ಬಿಟ್ಟು ಸುಲಿದು, ನಾರೆಲ್ಲ ಒರೆಸಿ, ಜಗುಲಿಯ ಮೇಲೆ ಇಟ್ಟು ಹೊಲಕ್ಕೆ ಹೋದರು. ಅವ್ವ ಅದನ್ನು ಎರಡು ಕೈಯಲ್ಲಿ ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಇಡೀ ದಾರಿ ಅದೇ ಮಾತು. "ಕಾಯಿ ಸುಲ್ದು ಕೊಟ್ಟವ್ರೆ ಅಂದ್ರೆ ಕರ್ಕೊಂಡ್ ಬಾ ಅಂತ ತಾನೆ ಅರ್ಥ? ಆ ಮನುಷ್ಯಂಗೆ ಬಾಯಿ ಇಲ್ಲ ಕಣಮ್ಮಿ, ಕೈ ಮಾತ್ರ ಅದೆ."

ಗೋಣಿಕೊಪ್ಪ ದಾಟುವಾಗಲೇ ಮಳೆ ಹಿಡಿಯಿತು. ಮಾಕುಟ್ಟ ಘಾಟಿನಲ್ಲಿ ಎರಡು ಕಡೆ ಗುಡ್ಡ ಜರಿದು ಕೆಂಪು ಮಣ್ಣು ರಸ್ತೆಗೆ ಬಂದಿತ್ತು. ಕಂಡಕ್ಟರ್ ನನ್ನ ತಲೆ ಮೇಲಿನ ಕೂಲಿಂಗ್ ಗ್ಲಾಸ್ ನೋಡಿ ನಕ್ಕ. "ಬೀಚಿಗಾ? ಜೂನಲ್ಲಾ?"

"ಯಾಕಪ್ಪ," ಅಂದಳು ಅವ್ವ, "ಸಮುದ್ರ ಏನು ಬ್ಯಾಸ್ಗೇಲಿ ಬಂದು ಮಳೇಲಿ ಓಯ್ತದಾ?"

"ಸಮುದ್ರ ಇರ್ತದೆ ತಾಯಿ. ಮಿಕ್ಕಿದ್ದು ಇರಲ್ಲ."

ಕಣ್ಣೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಅಕ್ಕನ ಊರು ತೆಕ್ಕೇಕಡಪ್ಪುರಕ್ಕೆ ಬಂದಾಗ ಮಧ್ಯಾಹ್ನ ದಾಟಿತ್ತು. ಬಸ್ಸಿನಿಂದ ಇಳಿದವರು ನಾವಿಬ್ಬರೇ. ನಾನು ಬ್ಯಾಗನ್ನೂ ಬಿಟ್ಟು ರಸ್ತೆಯ ತುದಿಗೆ ಓಡಿದೆ.

ನೀಲಿ ಇರಲಿಲ್ಲ. ನಮ್ಮ ಲಕ್ಷ್ಮಣತೀರ್ಥಕ್ಕೆ ಹೊಸ ನೀರು ಬಂದಾಗ ಇರುತ್ತದಲ್ಲ ಆ ಬಣ್ಣ, ಆದರೆ ಆಚೆ ದಡ ಇಲ್ಲ. ಮರಳು ಅನ್ನುವುದೇ ಉಳಿದಿರಲಿಲ್ಲ. ಅಲೆ ಬಂದು ಕರಿಕಲ್ಲಿನ ಗೋಡೆಗೆ ಹೊಡೆದು ರಸ್ತೆವರೆಗೂ ಹಾರುತ್ತಿತ್ತು. ಒಂದು ಕೆಂಪು ಬಾವುಟ ಹರಿದು ದಾರವಾಗಿ ಕಂಬಕ್ಕೆ ಸುತ್ತಿಕೊಂಡಿತ್ತು. ಫೋಟೋ ತೆಗೆಸಿಕೊಳ್ಳಲು ನಿಲ್ಲಿಸಿದ್ದ ದೊಡ್ಡ ಥರ್ಮೋಕೋಲ್ ಡಾಲ್ಫಿನ್ನಿಗೆ ಗೋಣಿಚೀಲ ಸುತ್ತಿ, ಕುರಿಯನ್ನು ಸಂತೆಗೆ ಸಾಗಿಸುವ ಹಾಗೆ ಕಟ್ಟಿ ಮಲಗಿಸಿದ್ದರು. ಸಾಲು ಅಂಗಡಿಗಳು, ಸಾಲು ಶಟರು. ನನ್ನ ಪ್ಲಾನುಗಳೆಲ್ಲ ಎಲ್ಲಿ ಹೋದವೋ. ಕೂಲಿಂಗ್ ಗ್ಲಾಸಿನ ಮೇಲೆ ಉಪ್ಪು ನೀರು ಸಿಡಿದು ಏನೂ ಕಾಣದಾಯಿತು.

"ಇದೇನಮ್ಮಿ ಈ ಊರು," ಅಂದಳು ಹಿಂದೆ ಬಂದ ಅವ್ವ. "ಸಾವಾದ ಮನೆ ಇದ್ದಂಗದೆ." ಆಮೇಲೆ ತಾನೇ ಬಾಯಿಗೆ ಬಡಿದುಕೊಂಡಳು. "ಥೂ ನನ್ ಬಾಯಿಗೆ. ಬಸುರಿ ನೋಡಕ್ ಬಂದು."

ಅಕ್ಕನ ಫೋನು ಸ್ವಿಚ್ ಆಫ್. ತೆರೆದಿದ್ದದ್ದು ಒಂದೇ ಚಹಾದಂಗಡಿ. ತಲೆಗೆ ಬಿಳಿ ಬಟ್ಟೆ ಸುತ್ತಿದ್ದ ದಪ್ಪನೆಯ ಹೆಂಗಸು ಹೊರಗೆ ಬಂದು "ಸೀಸನ್ ಕಯಿಞ್ಞು ಮೋಳೆ" ಅಂದಳು. ನನ್ನ ಮುಖ ನೋಡಿ, "ಮೈಸೂರಾ? ಸೀಸನ್ ಮುಗೀತು ಮಗಳೇ. ಈಗ ಆರೂ ಬರಲ್ಲ," ಅಂತ ಕನ್ನಡಕ್ಕೆ ತಿರುಗಿದಳು. ಏಪ್ರಿಲ್, ಮೇ ತಿಂಗಳಲ್ಲಿ ಮೈಸೂರಿನವರೇ ಬರುವುದಂತೆ, ಅವರಿಂದ ಕಲಿತ ಕನ್ನಡವಂತೆ. ಹೆಸರು ನಬೀಸ. ನಾನು ಸಿಂಧು, ಶಿಬು ಅಂದ ಕೂಡಲೇ ಅವಳ ಮುಖದಲ್ಲಿ ಏನೋ ಆಯಿತು. ಅವ್ವನ ಬ್ಯಾಗಿನಿಂದ ಹೊರಗೆ ಕಾಣುತ್ತಿದ್ದ ಕಾಯಿಯ ಜುಟ್ಟನ್ನು ನೋಡಿದಳು, ಹಸಿರು ಬಳೆಯ ಕಟ್ಟು ನೋಡಿದಳು. ಒಲೆ ಸಣ್ಣ ಮಾಡಿ, ಕೊಡೆ ತಗೊಂಡು, "ವಾ" ಅಂತ ಮುಂದೆ ನಡೆದಳು.

ಉಪ್ಪು ನೀರಲ್ಲಿ ಹಾಕಿದ ಮಾವು, ಅನಾನಸ್, ನೆಲ್ಲಿ ಮಾರುವ ಗಾಡಿ ಶಿಬು ಭಾವನದು. ವಿಡಿಯೋದಲ್ಲಿ ಎಷ್ಟು ಚೆನ್ನಾಗಿತ್ತು, ಗಾಜಿನ ಭರಣಿಗಳ ಹಿಂದೆ ಬಣ್ಣದ ಬಲ್ಬು. ಅದು ಒಂದು ಕಾಂಪೌಂಡಿನೊಳಗೆ ಚಕ್ರ ಮೇಲೆ ಮಾಡಿಕೊಂಡು ಬಿದ್ದಿತ್ತು. ಅದೇ ಕಾಂಪೌಂಡಿನಲ್ಲಿ ಬಾಗಿಲು ಹಾಕಿದ ಏಳೆಂಟು ಕಾಟೇಜುಗಳು, ನೀಲಿ ಟಾರ್ಪಾಲು ಹೊದಿಸಿದ ಈಜುಕೊಳ. ಟಾರ್ಪಾಲಿನ ಮೇಲೆ ನಿಂತ ನೀರಿನಲ್ಲಿ ಕಪ್ಪೆಗಳು ಕೂಗುತ್ತಿದ್ದವು. ಹಿಂದುಗಡೆಯ ಕೆಲಸದವರ ರೂಮಿನಿಂದ ನೈಟಿಯ ಮೇಲೆ ಗಂಡಸರ ಶರ್ಟು ಹಾಕಿಕೊಂಡ ಒಬ್ಬಳು ಬಾಗಿಲಿಗೆ ಬಂದಳು. ಕೈಯಲ್ಲಿ ಪೊರಕೆ. ಹೊಟ್ಟೆ ಮುಂದೆ, ಕೆನ್ನೆ ಒಳಗೆ.

"ಬರ್ಬ್ಯಾಡ ಅಂದಿದ್ನಲ್ಲವ್ವ," ಅಂದಳು ಅಕ್ಕ.

"ಅಂದೆ ಕಣವ್ವ, ಅಂದೆ. ಚೆಂದಾಗೇ ಅಂದೆ," ಅಂತ ಅವ್ವ ನಗುತ್ತಾ ಅವಳ ಕೆನ್ನೆ ಸವರಿ ತನ್ನ ನೆತ್ತಿಗೆ ನೆಟಿಕೆ ಮುರಿದುಕೊಂಡಳು.

"ಅವ್ವಾ, ನಿಜವಾಗ್ಲೂ ಬರ್ಬ್ಯಾಡ ಅಂದಿದ್ದು ನಾನು."

ಅವ್ವನ ನಗು ಅಲ್ಲೇ ನಿಂತಿತು. ನಬೀಸ ಕೊಡೆ ಮಡಚಿ ಗೋಡೆಗೆ ಒರಗಿಸಿ, ಏನೂ ಕೇಳದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಅಲ್ಲಿ ಎಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿತ್ತು.

ರೂಮು ಅಂದರೆ ಒಂದು ಮಂಚ, ಒಂದು ಸ್ಟೌವ್, ಗೋಡೆಯಲ್ಲಿ ಒದ್ದೆ. ಮೂಲೆಯಲ್ಲಿ ಟೂರಿಸ್ಟುಗಳ ದೊಡ್ಡ ಛತ್ರಿಗಳನ್ನು ಮಡಚಿ ಸೂರಿನವರೆಗೆ ಒಟ್ಟಿದ್ದರು. ಅವುಗಳನ್ನೇ ನಾನು ವಿಡಿಯೋದಲ್ಲಿ ನೋಡಿದ್ದು. ಮಳೆಗಾಲ ಮುಗಿಯುವವರೆಗೆ ಈ ಜಾಗ ಕಾಯುವುದು, ಬದಲಿಗೆ ಬಾಡಿಗೆ ಇಲ್ಲದೆ ಇರುವುದು, ಇದು ರೆಸಾರ್ಟಿನವರ ಜೊತೆ ಆದ ಮಾತು. ಶಿಬುವಿನ ಮನೆಯವರೂ ಇವಳನ್ನು ಸೇರಿಸಿಲ್ಲ ಅನ್ನುವುದು ನಮಗೆ ಅವತ್ತೇ ಗೊತ್ತಾದದ್ದು.

"ಎಲ್ಲವ್ವ ನಿನ್ ಗಂಡ?" ಅಂದಳು ಅವ್ವ.

ಅಕ್ಕ ಚಹಾ ಲೋಟ ಹಿಡಿದು ನೆಲ ನೋಡಿದಳು. "ಶುಂಠಿ ಕೆಲ್ಸಕ್ಕೆ ಓಗವ್ನೆ. ಇಲ್ಲಿ ಮಳೇಲಿ ಕೆಲ್ಸ ಎಲ್ಲಿ ಬತ್ತದೆ."

"ಎಲ್ಲಿಗೆ?"

"ಪಿರಿಯಾಪಟ್ಟಣದ ತಾವ."

"ಪಿರಿಯಾಪಟ್ಟಣಾ? ನಮ್ ಪಿರಿಯಾಪಟ್ಟಣಾ?" ಅವ್ವ ಲೋಟ ಕೆಳಗಿಟ್ಟಳು. "ಅಯ್ಯೋ ನನ್ ಕಂದಾ, ಬಸ್ ಅತ್ತುದ್ರೆ ಮನೆ! ಬಂದು ಒಂದು ಲೋಟ ನೀರಾದ್ರೂ ಕುಡ್ದು ಓಗಬಾರ್ದಾ?"

"ಓದ ಭಾನ್ವಾರ ಬಂದಿದ್ನಂತೆ. ಗುರುಪುರದ ಕ್ರಾಸ್ ತಾವ ಇಳ್ದು ನಿಂತಿದ್ನಂತೆ. ಅಪ್ಪ ಸೈಕಲ್ ಮೇಲೆ ಗೊಬ್ಬರದ ಚೀಲ ಮಡಿಕ್ಕೊಂಡು ಓಯ್ತಿದ್ರಂತೆ. ಮಾತಾಡ್ಸಕ್ಕೆ ಧೈರ್ಯ ಬರ್ಲಿಲ್ಲ ಅಂದ. ಅಂಗೇ ತಿರ್ಗಾ ಬಸ್ ಅತ್ತುದ್ನಂತೆ."

ಗಂಡ ಹೆಂಡತಿಯ ಊರಲ್ಲಿ, ಹೆಂಡತಿ ಗಂಡನ ಊರಲ್ಲಿ, ಇಬ್ಬರಿಗೂ ಮನೆ ಇಲ್ಲ. ನಾನು ಏನಾದರೂ ತಮಾಷೆ ಮಾಡಬೇಕು ಅಂತ ಬಾಯಿ ತೆರೆದೆ. ಒಂದೂ ಬರಲಿಲ್ಲ.

ಅವ್ವ ಮಾತ್ರ ಗಟ್ಟಿಯಾದಳು. "ಸರಿ ಬುಡು. ನಾಳೀಕೆ ಮಡ್ಲು ತುಂಬಿ ಕರ್ಕೊಂಡೋಯ್ತೀನಿ. ಜಾಗ ಕಾಯಕ್ಕೆ ಯಾರಾದ್ರೂ ನೋಡು."

"ಞಾನ್ ನೋಕ್ಕಾಂ," ಅಂದಳು ನಬೀಸ ಕೂಡಲೇ. "ನಾನು ನೋಡ್ತೀನಿ. ಕೀ ಕೊಡು, ಹೋಗು. ಇಲ್ಲಿ ಏನಿದೆ ಕಳ್ಳ ತಗೊಂಡು ಹೋಗಲಿಕ್ಕೆ? ಕಪ್ಪೆ?"

ನಾನು ಜೋರಾಗಿ ನಕ್ಕುಬಿಟ್ಟೆ. ಅಷ್ಟು ಸುಲಭವಾಗಿ ಆಯಿತಲ್ಲ! ಅಕ್ಕನ ಬಟ್ಟೆ ಎಲ್ಲಿದೆ, ಯಾವ ಬ್ಯಾಗಿಗೆ ತುಂಬಬೇಕು ಅಂತ ಕೇಳುತ್ತಾ ಎದ್ದೇ ನಿಂತೆ.

"ಕುತ್ಕೊ ಮಿತ್ರಾ," ಅಂದಳು ಅಕ್ಕ. "ಅಪ್ಪ ಕರುದ್ರಾ?"

ಅವ್ವ ಬ್ಯಾಗಿನಿಂದ ಕಾಯಿ ತೆಗೆದಳು. "ಇದ ನೋಡು. ನಿಮ್ಮಪ್ಪನೇ ಸುಲ್ದು ಕೊಟ್ಟಿದ್ದು."

"ಕಾಯಿ ಸುಲುದ್ರೆ ಕರ್ದಂಗಾಯ್ತಾ ಅವ್ವ?"

ಅವ್ವ ಕಾಯಿಯ ಜುಟ್ಟು ಸವರಿದಳು.

"ಅವತ್ತು ಫೋನ್ ಮಾಡಿ ಮದ್ವೆ ಆಯ್ತು ಅಂದಾಗ ಅಪ್ಪ ಏನಂದ್ರು, ನಿಂಗೂ ಕೇಳುಸ್ತಲ್ಲ. 'ನಾನು ಕರ್ಯೋವರ್ಗೂ ಈ ಹೊಸ್ಲು ತುಳೀಬ್ಯಾಡ' ಅಂದ್ರು. ಬಯ್ದಿದ್ರೆ ಮಾರ್ನೆ ದಿನಾನೇ ಬಂದು ಕಾಲಿಗೆ ಬೀಳ್ತಿದ್ದೆ. ಅಂಗಂದ್ ಮೇಲೆ ಎಂಗವ್ವ ಬರ್ಲಿ? ಕರೀದೆ ಬಂದ್ಲು, ಒಟ್ಟೆ ತುಂಬುಸ್ಕೊಂಡು ತಾನೇ ಬಂದು ಬಿದ್ಲು ಅಂತ ಊರು ಆಡ್ಕೊಳ್ಳಲ್ವಾ? ನನ್ನ ಆಡ್ಕೊಳ್ಳಲಿ. ಈ ಮಗೀನೂ ಆಡ್ಕೋತಾರೆ, ಅದು ದೊಡ್ಡದಾಗೋಗಂಟ."

ಅವ್ವ ಜಗಳ ಮಾಡುತ್ತಾಳೆ, ಅಕ್ಕನಿಗೆ ಬುದ್ಧಿ ಹೇಳುತ್ತಾಳೆ ಅಂತ ನಾನು ಕಾದೆ. ಅವ್ವ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಪ್ರಕಾರವೂ ಅಕ್ಕ ಹೇಳಿದ್ದು ಸರಿಯೇ. ತಾನಾಗಿ ಹೋದ ಮಗಳನ್ನು ಮನೆ ಯಜಮಾನ ಬಾಯಿ ಬಿಟ್ಟು ಕರೆಯಬೇಕು. ತಾಯಿ ಕರೆದರೆ ಅದು ಮುದ್ದು, ಅಪ್ಪ ಕರೆದರೆ ಮಾತ್ರ ಕರೆ.

ನಬೀಸ ನಮ್ಮ ಮೂವರನ್ನೂ ನೋಡಿ ತಲೆ ಆಡಿಸಿದಳು. "ನಮ್ಮಲ್ಲಿ ಪೆಣ್ಣು ತಾಯಿ ಮನೆಯಲ್ಲೇ ಇರೋದು. ಪುದಿಯಾಪ್ಳ ಬರ್ತಾನೆ, ಹೋಗ್ತಾನೆ. ಕರೆಯೋದೂ ಇಲ್ಲ, ಕಳಿಸೋದೂ ಇಲ್ಲ. ನಿಮ್ಮದು ಎಂಥ ಕಷ್ಟ!" ಮದುಮಗನೇ ಓಡಾಡುತ್ತಾನೆ ಅನ್ನುವುದು ಅವ್ವನಿಗೆ ನಂಬಿಕೆಯಾಗಲಿಲ್ಲ. "ಸದ್ಯ, ಆ ಕಾಟ ನಮ್ ಗಂಡುಸ್ರಿಗೆ ಕೊಟ್ಟಿದ್ರೆ ಯಾವನೂ ಎಂಡ್ತಿ ಮಕ ನೋಡ್ತಿರ್ಲಿಲ್ಲ," ಅಂದಳು. ಅಕ್ಕನಿಗೂ ನಗು ಬಂತು. ಆವತ್ತು ನಾವು ನಕ್ಕಿದ್ದು ಅದೇ ಕೊನೆ.

ಬೆಳಿಗ್ಗೆ ಎದ್ದ ಕೂಡಲೇ ನಾನು ಅಪ್ಪನಿಗೆ ಫೋನ್ ಮಾಡಿದೆ. ಒಂದೇ ಮಾತು ತಾನೆ. ಬಾ. ಎರಡು ಅಕ್ಷರವೂ ಇಲ್ಲ. ಇಷ್ಟು ಸಣ್ಣ ಕೆಲಸ ನನ್ನಿಂದ ಆಗದೆ ಇರುತ್ತದಾ ಅನ್ನುವ ಹುಮ್ಮಸ್ಸು ನನಗೆ. ಸ್ಪೀಕರ್ ಹಾಕಿದೆ. ಅಕ್ಕ ಬಾಗಿಲ ಬಳಿ ಅಕ್ಕಿ ಆರಿಸುತ್ತಾ ಕೂತಿದ್ದಳು, ಕೇಳದವಳ ಹಾಗೆ.

"ಅಪ್ಪಾ, ಅಕ್ಕನ ಮನೇಲಿ ಇವ್ನಿ."

"ಊಂ."

"ಚೆನ್ನಾಗವ್ಳೆ. ಅಂದ್ರೆ, ಅಷ್ಟೇನಿಲ್ಲ. ಸೊರಗವ್ಳೆ. ನೀನು ಬಾ ಅಂದ್ರೆ ಇವತ್ತೇ ನಮ್ ಜೊತೆ ಬತ್ತಾಳಂತೆ."

ಆ ಕಡೆ ಗುದ್ದಲಿ ಮಣ್ಣಿಗೆ ಬೀಳುವ ಸದ್ದು. "ಹೊಲ್ದಲ್ಲಿ ನೀರು ನಿಂತದೆ ಕಣವ್ವ. ಸಸಿ ಕೊಳ್ತೋಯ್ತವೆ. ಕಾಲ್ವೆ ಬುಡುಸ್ತಾ ಇವ್ನಿ."

"ಒಂದೇ ಮಾತು ಅಪ್ಪ. ಬಾ ಅನ್ನು, ಸಾಕು."

"ನಾನೇನು ಬ್ಯಾಡ ಅಂದಿದ್ದೀನಾ? ಬಂದ್ರೆ ಬರ್ಲಿ."

ನಾನು ಅಕ್ಕನ ಕಡೆ ತಿರುಗಿ ಕಣ್ಣಲ್ಲೇ ಸಿಕ್ಕಿತಲ್ಲ ಅಂದೆ. ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಹೊರಗೆಸೆದಳು. "ಬರ್ಲಿ ಅಂತ ನಿಂಗೆ ಯೋಳ್ತಾವ್ರೆ. ನಂಗಲ್ಲ," ಅಂದಳು ಮೆಲ್ಲಗೆ.

"ಅಪ್ಪಾ, ಅವ್ಳಿಗೇ ಯೋಳು. ಫೋನ್ ಕೊಡ್ಲಾ?"

ಗುದ್ದಲಿ ನಿಂತಿತು. "ಅದೇನದು ಸದ್ದು ಅಲ್ಲಿ? ಲಾರಿ ಓಯ್ತಾವಾ?"

"ಸಮುದ್ರ ಅಪ್ಪ."

"ಯಾವಾಗ್ಲೂ ಇಂಗೇ ಕೂಗ್ತದಾ?"

"ಮಳೆಗಾಲ ಮುಗಿಯೋಗಂಟ ಇಂಗೇ ಅಂತೆ."

"ರಾತ್ರೆಲೂವಾ?"

"ರಾತ್ರೆಲೂ."

"ಅಲ್ಲಿ ಒಬ್ಳೇ ಮನಗ್ತಾಳಾ?"

ನಾನು ಎದ್ದು ಹೋಗಿ ಫೋನನ್ನು ಅಕ್ಕನ ಕೈಗೆ ಇಟ್ಟೆ. ಅವಳು ಅಕ್ಕಿ ಕೈಯಲ್ಲೇ ಹಿಡಿದಳು. ಅಪ್ಪನಿಗೆ ಗೊತ್ತಾಯಿತು ಅನ್ನುವುದು ಅವರ ಉಸಿರಿನಲ್ಲೇ ತಿಳಿಯುತ್ತಿತ್ತು. ಆ ಕಡೆ ಅಪ್ಪನ ಉಸಿರು, ಈ ಕಡೆ ಅಕ್ಕನ ಉಸಿರು, ಮಧ್ಯೆ ನಾನು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು. ಅನ್ನಪ್ಪಾ, ಅನ್ನಪ್ಪಾ ಅಂತ ನಾನು ಮನಸ್ಸಿನಲ್ಲೇ ಅಪ್ಪನನ್ನು ಮುಂದಕ್ಕೆ ನೂಕಿದೆ, ಕೆಟ್ಟು ನಿಂತ ಬಸ್ಸನ್ನು ನೂಕುವ ಹಾಗೆ. ಅಪ್ಪ ಒಂದು ಸಲ ಕೆಮ್ಮಿದರು. ಗಂಟಲು ಸರಿಮಾಡಿಕೊಂಡರು.

"ಮಳೆ ಬತ್ತಾದೆ," ಅಂದರು. ಫೋನ್ ಕಟ್ಟಾಯಿತು.

ಅಕ್ಕ ಅದನ್ನು ನನಗೆ ಕೊಟ್ಟು ಮತ್ತೆ ಅಕ್ಕಿ ಆರಿಸಲು ಕೂತಳು. ನಾನು ತಿರುಗಿ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. "ಬುಡು ಮಿತ್ರಾ," ಅಂದಳು ಅಕ್ಕ. "ಕಾಡ್ಬ್ಯಾಡ ಅವ್ರನ್ನ."

"ನಾನಾದ್ರೂ ಇಲ್ಲೇ ಇದ್ದುಬುಡ್ತೀನಿ," ಅಂದಳು ಅವ್ವ.

"ಎಲ್ಲಿ ಇರ್ತೀಯವ್ವ? ಇದು ನನ್ ಮನೆನೂ ಅಲ್ಲ. ಸೊಪ್ಪು ಮುರ್ಯೋ ಟೈಮಿಗೆ ಅಪ್ಪ ಒಬ್ರೇ ಏನ್ ಮಾಡ್ತಾರೆ? ಇಲ್ಲಿ ಆಸ್ಪತ್ರೇಲಿ ಕಾರ್ಡ್ ಮಾಡ್ಸೀನಿ. ಒಂಬತ್ರಲ್ಲಿ ಬಾ ಬೇಕಾದ್ರೆ."

ಒಂಬತ್ತು ಅಂದರೆ ಆಷಾಢದ ಮಳೆ. ಘಾಟಿನ ರಸ್ತೆ ಅಷ್ಟು ಹೊತ್ತಿಗೆ ಇರುತ್ತದೋ ಇಲ್ಲವೋ, ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಆದರೆ ಮಡ್ಲಕ್ಕಿ? ಒಮ್ಮೆ ಮನೆಯಿಂದ ಹೊರಟ ಮಡ್ಲಕ್ಕಿ ಹಿಂದೆ ಬರಬಾರದು. "ತುಂಬ್ಬುಟ್ಟೇ ಓಗದು," ಅಂದಳು ಅವ್ವ ಎದ್ದು ಸೆರಗು ಸಿಕ್ಕಿಸಿ. "ಮುತ್ತೈದೇರು ಐದು ಜನ ಬೇಕು, ಕೊನೆಗೆ ಮೂರಾದ್ರೂ. ಓಗಮ್ಮಿ, ಕರ್ಕೊಂಬಾ."

ಗುರುಪುರದಲ್ಲಾದರೆ ಬೀದಿಗೆ ನಿಂತು ಒಂದು ಕೂಗು ಹಾಕಿದರೆ ಸಾಕು. ಇಲ್ಲಿ ನಾನು ಮಳೆಯಲ್ಲಿ ಶಟರುಗಳ ಸಾಲಿನ ಮುಂದೆ ಓಡಿದೆ. ಐಸ್ ಕ್ರೀಂ ಪಾರ್ಲರು ಮುಚ್ಚಿತ್ತು, ಟ್ಯಾಟೂ ಅಂಗಡಿ ಮುಚ್ಚಿತ್ತು. ಒಣಮೀನು ಇಟ್ಟುಕೊಂಡು ಬಸ್ ಶೆಲ್ಟರಿನಲ್ಲಿ ಕೂತಿದ್ದ ಹೆಂಗಸಿಗೆ ಕೈಸನ್ನೆಯಲ್ಲಿ ಹೊಟ್ಟೆ ತೋರಿಸಿ, ಬಳೆ ತೋರಿಸಿ, ಕುಂಕುಮ ತೋರಿಸಿ ಹೇಳಿದೆ. ಅವಳಿಗೆ ಅರ್ಥವಾಯಿತು. ಎದ್ದಳು. ಎರಡು ಹೆಜ್ಜೆ ಬಂದವಳು ನಿಂತು, ತನ್ನ ಬರಿಯ ಕುತ್ತಿಗೆ ಮುಟ್ಟಿ, ಸಮುದ್ರದ ಕಡೆ ಕೈ ತೋರಿಸಿ, ತಲೆ ಅಲ್ಲಾಡಿಸಿದಳು. ಮತ್ತೆ ಹೋಗಿ ಮೀನಿನ ಮುಂದೆ ಕೂತಳು. ನಾನು ಏನು ಹೇಳಬೇಕಿತ್ತು? ಕೈಸನ್ನೆಯಲ್ಲಿ ಅದಕ್ಕೆ ಏನೂ ಇಲ್ಲ.

ಕಡೆಗೆ ಸಿಕ್ಕಿದವಳು ಒಂಟೆಯವನ ಹೆಂಡತಿ. ಸೀಸನ್ನಿನಲ್ಲಿ ಮಕ್ಕಳನ್ನು ಕೂರಿಸಿ ಓಡಾಡಿಸುವ ಒಂಟೆ ಈಗ ಒಂದು ಶೀಟಿನ ಕೊಟ್ಟಿಗೆಯಲ್ಲಿ ಮಳೆ ನೋಡುತ್ತಾ ನಿಂತಿತ್ತು. ರಾಜಸ್ಥಾನದವಳು, ಮುಖದವರೆಗೆ ಸೆರಗು. ನನ್ನ ಹಿಂದಿ ಟಿಬೆಟ್ ಕ್ಯಾಂಪಿನ ಹಿಂದಿ. ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಏಳನೇ ತಿಂಗಳು ಅಂದ ಕೂಡಲೇ ಕೈ ತೊಳೆದು ಹೊರಟೇಬಿಟ್ಟಳು.

ಅವ್ವ, ಒಂಟೆಯವನ ಹೆಂಡತಿ, ಮೂರನೆಯವಳು ನಬೀಸ. ಅವ್ವ ಅವಳ ಕಿವಿಯ ಹತ್ತಿರ ಬಾಗಿ, "ನಿನ್ ಯಜಮಾನ್ರು ಅವ್ರಾ ತಾಯಿ?" ಅಂದಳು. "ದುಬೈಯಲ್ಲಿ ಇದ್ದಾರೆ. ಇದ್ದ ಹಾಗೂ ಹೌದು, ಇಲ್ಲದ ಹಾಗೂ ಹೌದು," ಅಂದಳು ನಬೀಸ. "ಇದ್ರೆ ಸಾಕು ಬುಡು," ಅಂದಳು ಅವ್ವ.

ಅಕ್ಕನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿದೆವು. ರೆಸಾರ್ಟಿನ ಊಟದ ಹಾಲಿನಲ್ಲಿ ಮೇಜುಗಳ ಮೇಲೆ ಕುರ್ಚಿಗಳನ್ನು ಬೋರಲು ಹಾಕಿದ್ದರು. ಒಂದನ್ನು ಇಳಿಸಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆವು. ಅವಳು ಸೆರಗೊಡ್ಡಿದಳು. ಅವ್ವ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ನಬೀಸ ಬಿಸ್ಮಿಲ್ಲಾ ಅಂದು ಹಾಕಿದಳು. ಒಂಟೆಯವನ ಹೆಂಡತಿ ಸೆರಗಿನೊಳಗಿನಿಂದಲೇ ಅವರ ಕಡೆಯ ಹಾಡೊಂದನ್ನು ಎತ್ತಿದಳು, ತೀರಾ ಸಣ್ಣ ದನಿಯಲ್ಲಿ, ಅಲೆಯ ಸದ್ದಿನಲ್ಲಿ ಅರ್ಧ ಕೇಳಿ ಅರ್ಧ ಕೇಳದೆ. ಕಾಯಿ, ಬೆಲ್ಲ, ಅರಿಶಿನದ ಕೊಂಬು, ಎಲೆಯಡಿಕೆ. ಅಕ್ಕ ಮಡಿಲು ಗಂಟು ಹಾಕಿಕೊಂಡು ಎದ್ದು ನಿಂತಳು.

"ನಡಿಯವ್ವ, ಒರಡನ," ಅಂದಳು ಅವ್ವ.

ಅದು ರೂಢಿಯ ಮಾತು. ಮಡಿಲು ತುಂಬಿದ ಮೇಲೆ ತಾಯಿ ಹೇಳುವುದೇ ಅದು, ಬಾಯಿ ತಾನಾಗಿ ಹೇಳಿತ್ತು. ಹೇಳಿದ ಮೇಲೆ ಅವ್ವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಕ್ಕನ ಒಂದು ಕಾಲು ಮುಂದೆ ಬಂದೇ ಬಿಟ್ಟಿತ್ತು. ಆ ಕಾಲು ಹಾಗೇ ನಿಂತಿತು. ತುಂಬಿದ ಮಡಿಲು ಹಿಡಿದುಕೊಂಡು ಎಲ್ಲಿಗೂ ಹೋಗದೆ ನಿಂತ ಬಸುರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾವು ಬ್ಯಾಗು ಎತ್ತಿಕೊಂಡೆವು. ಅವಳು ಗೇಟಿನವರೆಗೂ ಬರಲಿಲ್ಲ. ಮಡಿಲಿನ ಭಾರಕ್ಕೆ ಕೈ ಬಿಡಲಾಗದೆ ಟಾಟಾ ಕೂಡ ಮಾಡಲಿಲ್ಲ.

ವಾಪಸ್ಸಿನಲ್ಲಿ ಘಾಟು ಹತ್ತುವಾಗ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಎಚ್ಚರ ಇದ್ದಳು, ಮಾತು ಬೇಡವಾಗಿತ್ತು ಅಷ್ಟೆ. ನಾನು ಶಿಬು ಭಾವನಿಗೆ ಮೆಸೇಜು ಟೈಪ್ ಮಾಡಿದೆ, ಅಳಿಸಿದೆ. ಅಪ್ಪನಿಗೆ ಉದ್ದಕ್ಕೆ ಒಂದು ವಾಯ್ಸ್ ಮೆಸೇಜು ಮಾಡಿದೆ, ಅವರ ಕೀಪ್ಯಾಡ್ ಫೋನಿಗೆ ಅದು ಹೋಗುವುದಿಲ್ಲ ಅಂತ ನೆನಪಾಗಿ ಅದನ್ನೂ ಅಳಿಸಿದೆ.

ಗೋಣಿಕೊಪ್ಪ ಬಿಟ್ಟ ಮೇಲೆ ಅಪ್ಪನ ಫೋನು ಬಂತು. ಅವರಾಗಿ ನನಗೆ ಫೋನ್ ಮಾಡುವುದು ತೀರಾ ಕಡಿಮೆ.

"ಎಲ್ಲಿದ್ದೀರವ್ವ?"

"ಗೋಣಿಕೊಪ್ಪ ದಾಟುದ್ವು ಅಪ್ಪ."

"ಊಂ. ಬಸ್ಸು ರಷ್ಷಾ? ಕುಂತ್ಕಳಕ್ಕೆ ಜಾಗ ಸಿಕ್ತಾ?"

"ಸಿಕ್ತು."

"ಎಲ್ರಿಗೂವಾ?"

ನಾನು ಕಿಟಕಿಯ ಕಡೆ ತಿರುಗಿದೆ. "ಇಬ್ರಿಗೂ ಸಿಕ್ತು ಅಪ್ಪ."

ಫೋನು ಕಟ್ಟಾಯಿತೇನೋ ಅಂತ ತೆಗೆದು ನೋಡಿದೆ. ಆಗಿರಲಿಲ್ಲ.

"ಕ್ರಾಸಿಂದ ಊರಿಗೆ ರೋಡೆಲ್ಲ ಗುಂಡಿ ಬಿದ್ದದಲ್ಲ," ಅಂದರು ಅಪ್ಪ. "ಅದ್ಕೇ ಮೂರ್ತಿಗೆ ಆಟೋ ತಗಂಡ್ ಬಂದು ಕ್ರಾಸ್ ತಾವ ಇರು ಅಂದಿದ್ದೆ. ನಿಧಾನಕ್ಕೆ ಓಡ್ಸು, ಕುಲುಕ್ಬ್ಯಾಡ ಅಂತಲೂ ಯೋಳಿದ್ದೆ. ಬ್ಯಾಡ ಅಂತೀನಿ ಬುಡು ಅವ್ನಿಗೆ."

"ಅಪ್ಪಾ..."

"ನಡ್ಕೊಂಡ್ ಬನ್ನಿ."

ಅವ್ವ ಕಣ್ಣು ಬಿಟ್ಟಳು. "ಯಾರಮ್ಮಿ, ನಿಮ್ಮಪ್ಪನಾ? ಏನಂತೆ?"

"ಕ್ರಾಸಿಂದ ನಡ್ಕೊಂಡ್ ಬನ್ನಿ ಅಂದ್ರು."

"ಅದ್ನ ಯೋಳಕ್ಕೆ ಫೋನ್ ಮಾಡುದ್ರಾ?" ಅಂದಳು ಅವ್ವ. "ಯಾವತ್ತು ನಡೀದೆ ಓಗಿದ್ದೀವಿ ನಾವು."